ನಾರ್ವೆಯ ಸಾಲಿನಲ್ಲಿ ಮಾವನ ಊರು

ಜಮಖಂಡಿಯ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ನಾನು, ಧಾರವಾಡದ ಒಂದು ವಿಚಾರ ಸಂಕಿರಣಕ್ಕಾಗಿ ಇಡೀ ಜಗತ್ತನ್ನೇ ಅಳೆಯಲು ಹೊರಟೆ. ಯಾವ ದೇಶದ ಪ್ರಜೆಗಳು ಊರ ಕೆಲಸದಲ್ಲಿ ಎಷ್ಟು ಪಾಲ್ಗೊಳ್ಳುತ್ತಾರೆ ಎಂಬುದನ್ನು ಒಂದೇ ಅಂಕಿಯಲ್ಲಿ ಹೇಳಿಬಿಡುವುದು! ಮತದಾನ, ಸಭೆ, ಅರ್ಜಿ, ಹೋರಾಟ ಎಲ್ಲಕ್ಕೂ ಅಂಕ ಕೊಡುವುದು, ಯಾವುದಕ್ಕೆ ಎಷ್ಟು ತೂಕವೆಂದು ಗೊತ್ತುಮಾಡುವುದು, ಕೂಡಿಸುವುದು. ಸಂಯುಕ್ತ ಸೂಚ್ಯಂಕ ಸಿದ್ಧ! ಹೆಸರಷ್ಟೇ ಭಾರ, ಕೆಲಸ ಸಲೀಸು ಎಂದುಕೊಂಡೆ.

ನನ್ನ ಹೆಂಡತಿ ಮಹಾದೇವಿ ಕೋಷ್ಟಕದೊಳಗೆ ಇಣುಕಿದಳು.

"ನಾರ್ವೆ ಐತಿ, ಜಪಾನ್ ಐತಿ. ನಮ್ಮೂರ ಎಲ್ಲೈತ್ರೀ?"

ಅವಳ ತವರು ಗಲಗಲಿಯ ಹತ್ತಿರ, ಹೊಳೆದಂಡೆಯ ಸಣ್ಣ ಹಳ್ಳಿ.

"ನಿಮ್ಮೂರೇನ ದೇಶ ಏನ?" ಎಂದೆ.

"ಈ ಮಾತ ನಮ್ಮಪ್ಪನ ಮುಂದ ಹೇಳ್ರಿ ನೋಡೋಣು!"

ಮನೆಯ ಶಾಂತಿಗಾಗಿ ಆ ಊರನ್ನೂ ಸೇರಿಸಿದೆ. ಪಂಚಾಯ್ತಿ ಮೆಂಬರಾಗಿದ್ದ ಅವಳ ತಮ್ಮ ಬೀರಪ್ಪನಿಗೆ ಫೋನು ಮಾಡಿ, ಗ್ರಾಮಸಭೆಯಲ್ಲಿ ಎಷ್ಟು ಜನರ ಸಹಿ ಇದೆ ಎಂದು ಕೇಳಿದೆ. ಹೆಚ್ಚುಕಡಿಮೆ ಅವನದೊಂದೇ ಸಹಿ! ಲೆಕ್ಕ ಹಾಕಿದರೆ ಮಾವನ ಊರು ಜಗತ್ತಿಗೇ ಕಟ್ಟಕಡೆಗೆ ಬಂತು. ನಾನದನ್ನು ಅಳಿಸುವ ಮೊದಲೇ ಮಹಾದೇವಿ ತಮ್ಮನಿಗೆ ಸುದ್ದಿ ಮುಟ್ಟಿಸಿದ್ದಳು. ಅಕ್ಕನ ಗಂಡನಾದ ನಾನು ಅವನಿಗೆ ಮಾಮಾ. "ನಿಮ್ಮ ಮಾಮಾ ನಮ್ಮೂರನ್ನ ನಾರ್ವೆ ಜೋಡಿ ಕೂಡಿಸ್ಯಾರ!"

"ಮಾಮಾರೀ, ಐತವಾರ ಬೀರೇಶ್ವರ ಗುಡಿ ಮುಂದ ಊರ ಕೂಡಿಸ್ತೀನಿ. ಬಂದು ಓದ್ರಿ," ಎಂದ ಬೀರಪ್ಪ.

ಆ ಊರಿನಲ್ಲಿ ನಾನು ಓದಿದ ಅಳಿಯ. ಮೊದಲ ಹೋಳಿಗೆ ನನಗೇ. ಕಟ್ಟಕಡೆ ಎಂದು ಓದಿದರೆ ಹೋಳಿಗೆ ಹಾಗಿರಲಿ, ಕುಡಿಯಲು ನೀರೂ ಸಿಗುತ್ತಿರಲಿಲ್ಲ!

ತೂಕಗಳನ್ನು ತಿದ್ದಲು ಕುಳಿತೆ. ಊರವರು ಹಿಂದೊಮ್ಮೆ ಬಸ್ಸಿಗಾಗಿ ರಸ್ತೆ ತಡೆದದ್ದು ನೆನಪಾಗಿ ಹೋರಾಟದ ತೂಕ ಏರಿಸಿದೆ, ಸಭೆಯ ತೂಕ ಇಳಿಸಿದೆ. ಊರು ಕೊಂಚ ಮೇಲೆ ಬಂತು. ಇನ್ನಷ್ಟು ಏರಿಸಿದೆ. ಊರು ಮೊದಲ ಸ್ಥಾನಕ್ಕೆ ಬಂತು, ನಾರ್ವೆ ತಳ ಕಂಡಿತು! ಪಾಪ, ಆ ದೇಶದವರಿಗೆ ಇದು ಗೊತ್ತೂ ಆಗಲಿಲ್ಲ.

ಭಾನುವಾರ ಮಹಾದೇವಿಯ ಹಿಂದೆ ಹೋಗಿ, ಗುಡಿಯ ಮುಂದೆ ಪಟ್ಟಿಯನ್ನೂ ತೂಕಗಳನ್ನೂ ಗಂಭೀರವಾಗಿ ಓದಿದೆ. ಚಪ್ಪಾಳೆಗಾಗಿ ನಿಂತೆ. ಬರಲಿಲ್ಲ.

"ಹೋರಾಟಕ್ಕ ಅಷ್ಟ್ಯಾಕ ತೂಕ ಹಾಕೀರಿ?" ಎಂದು ಒಬ್ಬರು ಕೇಳಿದರು. ಎಲ್ಲರೂ ಕಬ್ಬು ಬೆಳೆಯುವವರು, ಕಾರ್ಖಾನೆಯ ತೂಕದಲ್ಲಿ ಮೋಸ ಕಂಡವರು. ಕಣ್ಣಾರೆ ಕಾಣದ ತಕ್ಕಡಿಯನ್ನು ನಂಬುವ ಪೈಕಿಯವರೇ ಅಲ್ಲ!

"ಸಭಾಕ್ಕ್ಯಾಕ ಕಡಿಮಿ?"

"ಸಹಿ ಇರಲಿಲ್ಲರೀ..." ಎಂದೆ.

"ಸಹಿ ಮಾಡಿದ್ರ ಎಲ್ಲಾ ಒಪ್ಪಿದಂಗ ಆಗತೈತ್ರೀ! ನಾವು ಹೊರಗ ಬೇವಿನ ಗಿಡದ ಕೆಳಗ ನಿಂತು ಒದರತೇವಿ. ಕೆಲಸ ಆತು ಅಂದ್ರ ಮನಿಗಿ ಹೋಗತೇವಿ!"

ಹೀಗೆ ಕೂಗಿ ಒದರುವುದಕ್ಕೆ ನನ್ನ ಕೋಷ್ಟಕದಲ್ಲಿ ಜಾಗವೇ ಇರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಒಬ್ಬ ಅಜ್ಜಿ ಎದ್ದಳು. "ಮಣ್ಣಿಗೆ ಹೋಗೂದನ್ನ ಯಾಕ ಹಿಡದಿಲ್ಲೋ ತಮ್ಮಾ? ಯಾರರೇ ಸತ್ರ ಊರಿಗೂರ ಕೂಡತೈತಿ!" ಅದನ್ನು ಸೇರಿಸಬೇಕೆಂದು ಎಲ್ಲರೂ ಕೈ ಎತ್ತಿದರು. ಆಮೇಲೆ ಒಂದೊಂದು ತೂಕಕ್ಕೂ ವಾದ, ಒಂದೊಂದಕ್ಕೂ ಕೈ ಎತ್ತುವುದು. ಬಿಸಿಲು ಇಳಿದರೂ ಒಬ್ಬರೂ ಏಳಲಿಲ್ಲ. ಇಂಥ ಪಾಲ್ಗೊಳ್ಳುವಿಕೆಯನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ನಾನು ಬೆವರುವುದನ್ನು ಕಂಡು ಬೀರಪ್ಪ ಕಾಪಾಡಲು ಬಂದ. "ನಮ್ಮ ಮಾಮಾರನ್ನೂ ಇದ ಅಳತಿಲೆ ಅಳ್ಯೋಣು. ಭಾಳ ಮ್ಯಾಲ ಬರತಾರ, ನೋಡ್ರಿ! ಮಾಮಾ, ಮತ ಹಾಕೀರಿ?"

"ಮತಗಟ್ಟಿ ಡ್ಯೂಟಿ ಇತ್ತಪಾ. ಮಂದಿ ಕಡೆ ಹಾಕಸೂದ್ರಾಗ ನಂದ ಉಳೀತು."

"ವಾರ್ಡ್ ಸಭಾ?"

"ಆವತ್ತ ಇದನ್ನ ಬರ್ಯಾಕತ್ತಿದ್ದೆ."

"ನಳದ ನೀರಿನ ಅರ್ಜಿ?"

"ಅದು... ನಿಮ್ಮಕ್ಕ ಬರದ್ಲು."

"ಹೋಗ್ಲಿ, ಹೋರಾಟ?"

ಮಹಾದೇವಿಯೇ ಉತ್ತರ ಕೊಟ್ಟಳು. "ಮನ್ಯಾಗ ಸುದ್ಧಾ ಇಲ್ಲ!"

ಸೊನ್ನೆ! ಸೊನ್ನೆಗೆ ಎಷ್ಟು ತೂಕ ಹಾಕಿದರೂ ಅದು ಸೊನ್ನೆಯೇ. ನನ್ನ ಸೂಚ್ಯಂಕದಲ್ಲಿ ಖಾತ್ರಿಯಾಗಿದ್ದ ಲೆಕ್ಕ ಅದೊಂದೇ.

"ಇವತ್ತ ಸಭಾಕ್ಕ ಬಂದಾರಲ್ರೀ, ಪಾಪ, ಒಂದ ಅಂಕ ಕೊಡ್ರಿ," ಎಂದು ಬೀರಪ್ಪ ಬೇಡಿಕೊಂಡ.

"ಅದನ್ನ ನನಗ ಬರೀರಿ!" ಎಂದು ಮಹಾದೇವಿ ಎದ್ದು ನಿಂತಳು. "ಎಳಕೊಂಡ ಬಂದಾಕಿ ನಾನು!"

ಇಡೀ ಊರು ಕೈ ಎತ್ತಿತು. ಅವಳು ನನ್ನ ಕಡೆ ನೋಡಿದಳು. ನಾನೂ ಎತ್ತಿದೆ.