ಮೇಲ್ವಿಚಾರಕನ ಇಂಟರ್‌ಫೇಸ್

ತಪ್ಪೆಲ್ಲ ಟೈಪಣ್ಣನ ಬಾಯಿಯದು. ಮೂರು ಹೊತ್ತೂ ಟೈಪ್‌ಸ್ಕ್ರಿಪ್ಟ್ ಎಂಬ ಕಂಪ್ಯೂಟರ್ ಭಾಷೆಯ ಜಪ ಮಾಡುತ್ತಿದ್ದುದರಿಂದ ಕಚೇರಿಯವರು ಅವನಿಗಿಟ್ಟ ಹೆಸರದು. ಮೇಲ್ವಿಚಾರಕರ ಕುರ್ಚಿ ಖಾಲಿಯಾದ ಬೆಳಿಗ್ಗೆ ಅವನು ಸಾಹೇಬರ ಮುಂದೆ ನಿಂತು, "ಸಾರ್, ಯಾರನ್ನ ಕೂರಿಸೋದು ಅಂತ ತಲೆ ಕೆಡಿಸ್ಕೋಬೇಡಿ. ಒಂದು ಇಂಟರ್‌ಫೇಸ್ ಬರೀತೀನಿ" ಎಂದುಬಿಟ್ಟ. ಹೆಂಡತಿಗೆ ಆಗಲೇ ಫೋನ್ ಮಾಡಿ "ಕುರ್ಚಿ ನಂದೇ" ಎಂದಿದ್ದ. ಅತ್ತೆಯ ಬಾಯಿಂದ ಸುದ್ದಿ ಬೀದಿಯೆಲ್ಲ ಸುತ್ತಿತ್ತು.

"ಏನಪ್ಪಾ ಅದು?" ಎಂದರು ಸಾಹೇಬರು.

"ಮೇಲ್ವಿಚಾರಕನಲ್ಲಿ ಏನೇನು ಇರ್ಬೇಕು ಅನ್ನೋ ಕರಾರೇ ಇಂಟರ್‌ಫೇಸ್. ಒಬ್ಬೊಬ್ರಲ್ಲಿ ನಿಜವಾಗಿ ಏನೇನಿದೆ ಅಂತ ಬರೆದಿಡೋದು ಕ್ಲಾಸ್. ಎರಡೂ ಹೊಂದಿದ್ರೆ ಕಂಪ್ಯೂಟರ್ ಒಪ್ಕೊಳ್ಳುತ್ತೆ, ಇಲ್ದಿದ್ರೆ ಕೆಂಪು ಗೆರೆ ಎಳೆಯುತ್ತೆ. ಹೆಸರು ಯಾರದು ಅಂತ ಅದು ನೋಡೋದೇ ಇಲ್ಲ ಸಾರ್!"

ಹೀಗೆಂದ ಮಹಾಶಯ ಮೊದಲ ಸಾಲಿನಲ್ಲೇ 'ಟೈಪ್‌ಸ್ಕ್ರಿಪ್ಟ್ ಬಲ್ಲವನು' ಎಂದು ಬರೆದ. ಇಡೀ ಕಚೇರಿಯಲ್ಲಿ ಅದು ಬಲ್ಲವನು ಅವನೊಬ್ಬನೇ.

ಲೆಕ್ಕದ ಮೇಡಂ ಹಿಂದಿನಿಂದ ಇಣುಕಿದರು. "ಓಹೋ, ಅಳತೆ ಕೊಟ್ಟು ಅಂಗಿ ಹೊಲಿಸ್ಕೊಂಡ ಹಾಗಿದೆಯಲ್ಲ! ಅದರ ಪಕ್ಕ ನೀನು ದಿನಾ ಹೇಳ್ತಿರ್ತೀಯಲ್ಲ, ಆ ಪ್ರಶ್ನೆ ಚಿಹ್ನೆ ಹಾಕಪ್ಪ." ಆ ಚಿಹ್ನೆ ಬಿದ್ದರೆ ಗುಣ ಇದ್ದರೂ ಸೈ, ಇಲ್ಲದಿದ್ದರೂ ಸೈ. ಟೈಪಣ್ಣ ಹಲ್ಲು ಕಡಿಯುತ್ತ ಹಾಕಿದ.

ಆಮೇಲೆ ಎಲ್ಲರೂ ಮುತ್ತಿಕೊಂಡರು. "ಎದುರು ಮಾತಾಡ್ಬಾರ್ದು ಅಂತ ಸೇರ್ಸು," ಎಂದರು ಮೇಡಂ. "ಎಲ್ಲರ ಕಡೆಗೂ ಒಂದೇ ಸಮ ಮುಖ ತಿರುಗಿಸ್ಬೇಕು," ಎಂದ ಮೂಲೆಯ ಗುಮಾಸ್ತ. "ಮೇಲಿನವರ ಫೋನ್ ಬಂದ್ರೆ ನನಗೆ ಬೆವರು ಕಿತ್ಕೊಂಡು ಬರುತ್ತೆ. ಆಗ ತಂಪು ಮಾಡ್ಬೇಕು," ಎಂದರು ಸಾಹೇಬರು. "ಮತ್ತೆ, ನಿನ್ನ ಕ್ಲಾಸು ನೀನೇ ಬರ್ಕೋಬೇಡ, ಮೇಡಂ ಹೇಳಿದಂತೆ ಬರಿ. ಕಚೇರೀಲಿ ಇರೋದನ್ನೆಲ್ಲ ಪರೀಕ್ಷೆಗೆ ಹಾಕು, ಒಂದೂ ಬಿಡ್ಬೇಡ."

ಮಧ್ಯಾಹ್ನ ಟೈಪಣ್ಣ ಗುಂಡಿ ಒತ್ತಿದ. ಗುಮಾಸ್ತನಿಗೆ ಕೆಂಪು ಗೆರೆ. ಮೇಡಂಗೂ ಕೆಂಪು ಗೆರೆ. ಟೈಪಣ್ಣನ ಕ್ಲಾಸಿನಲ್ಲಿ ಮೇಡಂ 'ಎದುರು ಮಾತು: ಧಾರಾಳ' ಎಂದು ಬರೆಸಿದ್ದರಿಂದ ಅವನಿಗೆ ಗೆರೆಯ ಮೇಲೆ ಗೆರೆ. ಪಾಸಾಗಿದ್ದು ಒಂದೇ ಒಂದು ಕ್ಲಾಸು. ಹೋದ ವರ್ಷ ಕಚೇರಿಯ ಸಾಮಾನುಗಳ ಪಟ್ಟಿಗೆಂದು ಅದನ್ನು ಬರೆದವನೂ ಟೈಪಣ್ಣನೇ.

ಟೇಬಲ್ ಫ್ಯಾನ್!

"ಸಾರ್, ಅದು ಫ್ಯಾನು!"

"ಹೆಸರು ನೋಡಲ್ಲ ಅಂದವನು ನೀನೇ ಅಲ್ವೇನಯ್ಯಾ?" ಸಾಹೇಬರು ಫ್ಯಾನನ್ನು ಎತ್ತಿ ಖಾಲಿ ಕುರ್ಚಿಯಲ್ಲಿ ಕೂರಿಸಿದರು. ಅದು ಎಲ್ಲರ ಕಡೆಗೂ ಕತ್ತು ತಿರುಗಿಸಿತು. ಇಷ್ಟು ಒಳ್ಳೆಯ ಮೇಲ್ವಿಚಾರಕರು ಹಿಂದೆ ಬಂದಿರಲೇ ಇಲ್ಲ ಎಂದರು ಮೇಡಂ.

ಟೈಪಣ್ಣ ಅಳುಮೋರೆ ಹಾಕಿದ. "ಮನೇಲಿ ಏನು ಹೇಳ್ಲಿ ಸಾರ್? ಅತ್ತೆ ಬೀದಿಗೆಲ್ಲ ಸಾರಿಬಿಟ್ಟಿದ್ದಾರೆ."

ಸಾಹೇಬರ ಮನಸ್ಸು ಕರಗಿತು. "ಆಯ್ತು, ಕುರ್ಚೀಲಿರೋ ಇವರು ಕೆಲಸ ಮಾಡದಿದ್ದಾಗ ನೀನೇ ಪ್ರಭಾರ ಮೇಲ್ವಿಚಾರಕ. ಅದೇ ಇಂಟರ್‌ಫೇಸು, ಅದೇ ಕೆಲಸ."

ಟೈಪಣ್ಣ ಹಿರಿಹಿರಿ ಹಿಗ್ಗಿ ಮನೆಗೆ ಮತ್ತೆ ಫೋನ್ ಮಾಡಿದ. ಅಷ್ಟರಲ್ಲಿ ಕರೆಂಟ್ ಹೋಯಿತು.

ಸಂಜೆಯಾದರೂ ಕರೆಂಟ್ ಬರಲಿಲ್ಲ. ಅಳಿಯನ ಅಧಿಕಾರ ನೋಡಲು ಅತ್ತೆ ಅರ್ಧ ಬೀದಿಯನ್ನೇ ಕರೆತಂದರು. ಹೊಸ ಪ್ರಭಾರ ಮೇಲ್ವಿಚಾರಕರು ಕೈಯಲ್ಲೊಂದು ರಟ್ಟು ಹಿಡಿದು, ಬಾಯಿ ಮುಚ್ಚಿಕೊಂಡು, ಕತ್ತನ್ನು ಅತ್ತಿಂದಿತ್ತ ತಿರುಗಿಸುತ್ತ ಎಲ್ಲರಿಗೂ ಒಂದೇ ಸಮ ಗಾಳಿ ಹಾಕುತ್ತಿದ್ದರು.