ನನ್ನ ಮಗಳು ಮಾಡಿದ ಕೇಕು

ಮಕ್ಕಳಿಗೆ ಏನು ಕಲಿಸಬೇಕೆಂದು ತೋಚದೇ ಹೋದಾಗ ಶಾಲೆಯವರು ನಮ್ಮ ಅಡುಗೆಮನೆಯ ಮೇಲೆ ಬೀಳುತ್ತಾರೆ ಎಂಬುದು ನನಗೆ ಈಚೆಗೆ ಹೊಳೆದ ಸತ್ಯ. ನಾವು ಚಿಕ್ಕವರಿದ್ದಾಗ ಅಡುಗೆಮನೆ ಎಂದರೆ ಬೆಲ್ಲ ಕದಿಯುವ ಜಾಗ. ಸಿಕ್ಕಿಬಿದ್ದರೆ ಹಿಟ್ಟಿನ ಕೈಯಿಂದಲೇ ಬೆನ್ನಿಗೊಂದು ಏಟು. ಅಲ್ಲಿ ಗಣಿತವಿದೆ, ವಿಜ್ಞಾನವಿದೆ, 'ಸ್ಪರ್ಶಾನುಭವ'ವಿದೆ ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಬೆಲ್ಲದ ಆಸೆಯೂ ಸತ್ತುಹೋಗುತ್ತಿತ್ತು. ನಾನು ದಿನಾ ನಮ್ಮೂರು, ತೆಲಂಗಾಣದ ಗಡಿಯ ನಾರಾಯಣಪೇಟೆಯಿಂದ ಬಸ್ಸು ಹತ್ತಿ ಮಕ್ತಲ್‌ಗೆ ಹೋಗಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳುವವಳು. ಹಾಗಾಗಿ ಇಂಥ ದೊಡ್ಡ ದೊಡ್ಡ ಮಾತುಗಳ ಬಗ್ಗೆ ನನಗಿರುವ ತಾತ್ಸಾರ ಅನುಭವದಿಂದ ಬಂದದ್ದು.

ನನ್ನ ಐದು ವರ್ಷದ ಮಗಳು ಸಾನ್ವಿ ನಮ್ಮೂರಿನ ಒಂದು ಖಾಸಗಿ ಶಾಲೆಗೆ ಹೋಗುತ್ತಾಳೆ. ಮನೆಯಲ್ಲಿ ನಾವು ಕಿವಿ ಮುಚ್ಚಿಕೊಳ್ಳುವಷ್ಟು ಮಾತಾಡುವ ಈ ಹುಡುಗಿ ಶಾಲೆ ಸೇರಿದಂದಿನಿಂದ ಅಲ್ಲಿ ಒಂದಕ್ಷರ ಬಾಯಿಬಿಟ್ಟಿರಲಿಲ್ಲ. ಹೆಸರು ಕರೆದರೆ ಕೈ ಎತ್ತುತ್ತಾಳೆ, ಅಷ್ಟೆ. ಅವಳ ಮಿಸ್ ನನ್ನನ್ನು ಕರೆಸಿ, "ಯಾವುದಕ್ಕೂ ಒಮ್ಮಿ ಡಾಕ್ಟರಿಗೆ ತೋರ್ಸ್ರಿ ಮೇಡಂ" ಎಂದಾಗಿನಿಂದ ನನಗೆ ಭಯ ಹತ್ತಿಕೊಂಡಿತ್ತು. ಐವತ್ತು ಮಕ್ಕಳ ಬಾಯಿ ಮುಚ್ಚಿಸಿ ಸಂಬಳ ಎಣಿಸುವ ನನಗೆ ಒಂದು ಬಾಯಿ ತೆರೆಸುವ ವಿದ್ಯೆ ಗೊತ್ತಿರಲಿಲ್ಲ.

ಇಂಥದ್ದರಲ್ಲಿ ಒಂದು ಶನಿವಾರ ಪಾಲಕರ ವಾಟ್ಸಾಪ್ ಗುಂಪಿಗೆ ಶಾಲೆಯ ಹಾಳೆಯೊಂದು ಬಂದು ಬಿತ್ತು: 'ಅಡುಗೆಮನೆಯೇ ಪಾಠಶಾಲೆ'. ಮಗು ತನ್ನ ಕೈಯಾರೆ ಕೇಕು ಮಾಡಬೇಕು, ಮಾಡಿದ್ದನ್ನು ತಾನೇ ಹೇಳಬೇಕು, ಭಾನುವಾರ ಸಂಜೆಯೊಳಗೆ ವಿಡಿಯೋ ಕಳಿಸಬೇಕು. ಹಾಳೆಯ ಮೇಲೊಂದು ಚಿತ್ರ. ಗುಂಗುರು ಕೂದಲಿನ ಮಗುವೊಂದು ನಮ್ಮ ಬಚ್ಚಲುಮನೆಯಷ್ಟಿದ್ದ ಓವನ್ನಿನ ಮುಂದೆ ನಿಂತು ನಗುತ್ತಿತ್ತು. ಮೂಗಿನ ಮೇಲೆ ಚೂರು ಹಿಟ್ಟಿಲ್ಲ! ಆ ಮಗು ಜನ್ಮದಲ್ಲಿ ಕೇಕು ಮಾಡಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಕೆಳಗೆ, ಮೊಟ್ಟೆ ಒಡೆಯುವುದರಿಂದ ಕೈ-ಕಣ್ಣಿನ ಹೊಂದಾಣಿಕೆ ಬೆಳೆಯುತ್ತದೆ ಎಂದಿತ್ತು. ಅದನ್ನು ಕೇಳಿದ್ದೇ ನಮ್ಮತ್ತೆ ಸಿಡಿದರು.

"ತತ್ತಿ ಗಿತ್ತಿ ಮನ್ಯಾಗ ತಂದ್ರ ನಾ ಗದ್ವಾಲಕ್ಕ ಮಗಳ ಮನಿಗೆ ಹೋಗಿಬಿಡ್ತೀನಿ ನೋಡು."

"ತತ್ತಿ ಬದ್ಲಿ ಮೊಸರು ಹಾಕ್ತೀನ್ರಿ ಅತ್ತಿ."

"ಮೊಸರು ಹಾಕಿದ್ರ ಅದೇನು ಕೇಕಾ, ಮಜ್ಜಿಗಿ ಹಿಟ್ಟಾ?"

ಭಾನುವಾರ ಕುಕ್ಕರಿನ ರಬ್ಬರು, ಸೀಟಿ ತೆಗೆದಿಟ್ಟು, ತಳಕ್ಕೆ ಉಪ್ಪು ಹರವಿ, ಅದನ್ನೇ ಓವನ್ ಎಂದು ಘೋಷಿಸಿದೆ. ಬೇಳೆಡಬ್ಬಿಗೆ ಒರಗಿಸಿ ಫೋನು ನಿಲ್ಲಿಸಿದೆ. ಸಾನ್ವಿ ಬಟ್ಟಲಿನಿಂದ ಮೈದಾ ಸುರಿದಳು. ಅರ್ಧ ಪಾತ್ರೆಗೆ, ಅರ್ಧ ನೆಲಕ್ಕೆ.

"ಅಮ್ಮಾ, ಹಿಟ್ಟು ಯಾಕ ಹಾರ್ತೈತಿ?"

"ಕ್ಯಾಮೆರಾ ನೋಡು."

"ಸಕ್ರಿ ಯಾಕ ಹಾರಂಗಿಲ್ಲ?"

"ಬಾಯಿ ಮುಚ್ಚು, ಪಾಠ ನಡದೈತಿ!"

ಮೊಸರು ಫೋನಿನ ಮೇಲೆ ಚೆಲ್ಲಿದಾಗ ನನ್ನ ಸಹನೆಯೂ ಚೆಲ್ಲಿತು. ಬಟ್ಟಲು ಕಸಿದುಕೊಂಡು, "ನೀ ಚಮಚ ಹಿಡ್ಕೊಂಡು ಸುಮ್ಕ ನಿಂದ್ರು. ನಗು" ಎಂದೆ. ಅವಳ ಕಣ್ಣು ತುಂಬಿದವು. ನನಗೆ ಅದನ್ನು ನೋಡುವ ಪುರುಸೊತ್ತಿರಲಿಲ್ಲ. ಬಟ್ಟಲಿನ ಮೈದಾವನ್ನು ಚಾಕುವಿನಿಂದ ಸಮ ಮಾಡಿ ಅಳೆದೆ, ಮೂರು ಸಲ ಜರಡಿ ಹಿಡಿದೆ, ಸೋಡಾ ಬೆರೆಸಿ ಒಂದೇ ದಿಕ್ಕಿಗೆ ತಿರುವಿದೆ. ಕೈ-ಕಣ್ಣಿನ ಹೊಂದಾಣಿಕೆ ನನ್ನಲ್ಲಿ ಅದ್ಭುತವಾಗಿ ಬೆಳೆಯಿತು.

ಕೇಕನ್ನು ಕುಕ್ಕರಿಗಿಟ್ಟು ತಿರುಗಿದರೆ ಮಗಳಿಲ್ಲ. ಹಿತ್ತಲ ಒಲೆಯ ಮುಂದೆ ಅಜ್ಜಿಯ ಪಕ್ಕದಲ್ಲಿ ಕುಳಿತು, ಜೋಳದ ಹಿಟ್ಟಿನ ಉಂಡೆ ಬಡಿಯುತ್ತ ವಟಗುಟ್ಟುತ್ತಿದ್ದಳು. ಮೈಯೆಲ್ಲ ಹಿಟ್ಟು. ಅತ್ತೆ ಒಂದು ಮಾತೂ ಬೈಯುತ್ತಿರಲಿಲ್ಲ. ಅವರಿಗೆ ವಿಡಿಯೋ ಕಳಿಸುವುದಿರಲಿಲ್ಲವಲ್ಲ! ಸಂಜೆಯಾಗುತ್ತಿತ್ತು. ಮಗಳ ಮುಖ ಒರೆಸಿ ಪಡಸಾಲೆಗೆ ಎಳೆದು ತಂದು, ವಿಡಿಯೋ ಒತ್ತಿ ಫೋನಿನ ಮುಂದೆ ನಿಲ್ಲಿಸಿ, "ಏನೇನ್ ಮಾಡ್ದಿ, ಮಿಸ್‌ಗೆ ಹೇಳು" ಎಂದೆ. ಅಷ್ಟರಲ್ಲಿ ಸುಟ್ಟ ವಾಸನೆ ಬಂತು. ಒಳಗೆ ಓಡಿ ಕೇಕು ಇಳಿಸಿ, ಮರಳಿ ಬಂದವಳೇ ವಿಡಿಯೋವನ್ನು ನೋಡದೆ ಗುಂಪಿಗೆ ಕಳಿಸಿಬಿಟ್ಟೆ.

ಹತ್ತು ನಿಮಿಷಕ್ಕೆ ಸೀರೆ ಅಂಗಡಿಯಿಂದ ನನ್ನ ಗಂಡನ ಫೋನು. ಮಾತಿಲ್ಲ, ಬರೀ ನಗು. "ವಿಡಿಯೋ ನೋಡು" ಎಂದಷ್ಟೇ ಕೇಳಿಸಿತು. ನೋಡಿದೆ. ಮಗಳು ಕೈಕಟ್ಟಿ ನಿಂತು, ಸ್ಪಷ್ಟವಾಗಿ, ಗಂಟೆ ಹೊಡೆದಂತೆ ಹೇಳುತ್ತಿದ್ದಳು: "ಮಿಸ್, ನಾ ಕೇಕ್ ಮಾಡಿಲ್ರಿ. ಎಲ್ಲಾ ಅಮ್ಮಾನೇ ಮಾಡ್ಯಾಳ್ರಿ. ನಾ ಹಿಟ್ಟು ಹಾಕಿದ್ರ ಬೈದಾಳ್ರಿ. ಚಮಚ ಹಿಡ್ಕೊಂಡು ನಗು ಅಂದಾಳ್ರಿ. ನಾ ಅಜ್ಜಿ ಕೂಡ ರೊಟ್ಟಿ ಮಾಡೀನ್ರಿ. ಮೂರು ಮಾಡೀನ್ರಿ, ಒಂದು ಹರದೈತ್ರಿ. ಈಗ ಅಮ್ಮನ ಕೇಕು ಹೊತ್ತಾಕತ್ತೈತ್ರಿ."

ಗುಂಪಿನ ಅಷ್ಟೂ ತಂದೆತಾಯಂದಿರು ಅದನ್ನು ನೋಡಿಯಾಗಿತ್ತು. ಭೂಮಿ ಬಾಯಿಬಿಡಲಿ ಎಂದು ಕಾಯುತ್ತಿರುವಾಗಲೇ ಮಿಸ್ ಫೋನು ಬಂತು. ಕ್ಷಮೆ ಕೇಳಲು ನಾನು ಬಾಯಿ ತೆರೆಯುವ ಮೊದಲೇ ಆಕೆ ಸಂತೋಷದಲ್ಲಿ ತೆಲುಗಿಗೆ ಜಾರಿ, "ಪಾಪ ಮಾಟ್ಲಾಡಿಂದಿ ಮೇಡಂ!" ಎಂದು ಕೂಗಿದರು. ಮಗು ಮಾತಾಡಿತು! ಆ ಮಾತು ಪೂರ್ತಿ ನನ್ನ ಮೇಲಿನ ದೂರೇ ಆಗಿದ್ದರೂ, ಡಾಕ್ಟರ ಹತ್ತಿರ ಹೋಗುವ ಭಯ ಆ ಕ್ಷಣಕ್ಕೆ ಇಳಿದುಹೋಯಿತು.

ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕೇಳಿದೆ: "ಸಾಲ್ಯಾಗ ಯಾಕ ಹಿಂಗ ಮಾತಾಡಂಗಿಲ್ಲ?"

"ಅಲ್ಲಿ ಮಿಸ್ ಕೇಳಿದ್ದು ನಂಗ ಗೊತ್ತಿರಂಗಿಲ್ಲ. ಇದು ಗೊತ್ತಿತ್ತು."

ಮುಂದಿನ ಶನಿವಾರ ಇನ್ನೊಂದು ಹಾಳೆ ಬಂತು: ನಿಂಬೆಹಣ್ಣಿನ ಶರಬತ್ತು. ಸಾನ್ವಿ ನನ್ನ ಫೋನು ಕಸಿದುಕೊಂಡು ನೇರ ಅಜ್ಜಿಯ ಹತ್ತಿರ ಓಡಿದಳು. ಅತ್ತೆಗೆ ಓದಲು ಬಾರದು. ಹಾಗಾಗಿ ನನಗೆ ಕರೆ ಬಂತು. ಹೊಸ್ತಿಲಲ್ಲಿ ನಿಂತು, ತರಗತಿಯಲ್ಲಿ ಓದುವ ದನಿಯಲ್ಲೇ ಪೂರ್ತಿ ಓದಿದೆ. ಸಕ್ಕರೆ ನೀರಿನಲ್ಲಿ ಕರಗುವುದು ಹೇಗೆಂದು ವಿವರಿಸಲು ಗಂಟಲು ಸರಿಮಾಡಿಕೊಂಡೆ.

"ಓದಿದ್ದಾತಲ್ಲಮ್ಮಾ, ಇನ್ನ ಹೋಗು" ಎಂದಳು ಮಗಳು. ಅತ್ತೆ ಬಾಗಿಲು ಮುಂದೆ ಮಾಡಿದರು. ಎಂ.ಎಸ್ಸಿ., ಬಿ.ಎಡ್. ಓದಿದ್ದು ಅಷ್ಟಕ್ಕಾದರೂ ಬಂತಲ್ಲ ಎಂದುಕೊಂಡು ನಾನು ಪಡಸಾಲೆಗೆ ಬಂದು ಕುಳಿತೆ.