ಗಿಡ್ಡ ಜೀಪಿನ ಅಳತೆ

ಬೇರೆಯವರ ತಪ್ಪು ಹುಡುಕುವುದಕ್ಕೆ ಸಂಬಳ ಪಡೆಯುವ ಅದೃಷ್ಟ ಎಲ್ಲರಿಗೂ ಸಿಗುವುದಿಲ್ಲ. ನನಗೆ ಸಿಕ್ಕಿತ್ತು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ನಾನು ಇನ್ಸ್‌ಪೆಕ್ಷನ್ ವಿಭಾಗದವನು. ಲೇತಿನಿಂದ ಬಂದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಕೆಂಪು ಬಣ್ಣದ ಬೊಟ್ಟಿಟ್ಟು ವಾಪಸು ಕಳಿಸುವುದು ನನ್ನ ಕೆಲಸ. ಕೆಂಪು ಬೊಟ್ಟು ಎಂದರೆ ರಿಜೆಕ್ಟ್. ಲೇತ್ ನಡೆಸುವ ಟರ್ನರ್ ವೆಂಕಟರಾಮು ನನ್ನ ಬೊಟ್ಟಿಗೆ ಹೆದರಿದಷ್ಟು ಶನಿದೇವರಿಗೂ ಹೆದರುತ್ತಿರಲಿಲ್ಲ. "ಒಂದು ಕೂದಲು ಬಿಟ್ಬಿಡಿ ಸಾರ್" ಎಂದು ಅವನು ಗೋಗರೆದರೆ, "ಕೂದಲು ತಲೇಲಿರ್ಲಿ ಕಣೋ, ಕೆಲಸದಲ್ಲಿ ಬೇಡ" ಎನ್ನುತ್ತಿದ್ದೆ. ಈ ಮಾತು ನನ್ನ ಸ್ವಂತದ್ದೆಂದು ನನಗೆ ವಿಪರೀತ ಹೆಮ್ಮೆಯಿತ್ತು.

ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲ ಅದು. ಕಾದು ಕಾದು ಬೇಸತ್ತಿದ್ದಾಗ, ತುಮಕೂರು ರಸ್ತೆಯ ಮೆಕ್ಯಾನಿಕ್ ಒಬ್ಬರ ಹತ್ತಿರ ಎರಡು ಹಳೆಯ ಜೀಪುಗಳು ಮಾರಾಟಕ್ಕಿವೆ ಎಂದು ತಿಳಿಯಿತು. ಒಂದು ಗಿಡ್ಡ, ಒಂದು ಉದ್ದ. ನನ್ನ ಹೆಂಡತಿ ಸರಸಳ ತವರು ವರ್ತೂರು. ಮಳೆ ಬಿತ್ತೆಂದರೆ ಅವರ ಮನೆಗೆ ಹೋಗುವ ಕೆರೆಪಕ್ಕದ ದಾರಿಯಲ್ಲಿ ನಾಟಿ ಮಾಡಬಹುದಿತ್ತು. ಹಾಗಾಗಿ ಜೀಪು ಬೇಕೆಂಬುದರಲ್ಲಿ ನಮ್ಮಿಬ್ಬರದೂ ಒಂದೇ ಮಾತು. ಯಾವ ಜೀಪು ಎಂಬುದಕ್ಕೆ ಮಾತ್ರ ಹದಿನೈದು ದಿನ ಜಗಳವಾಯಿತು.

"ಉದ್ದದ್ದೇ ತಗೊಳ್ಳಿ. ಹಿಂದೆ ಎದುರುಬದುರು ಬೆಂಚಿದೆ. ಅಮ್ಮ, ಚಿಕ್ಕಮ್ಮ, ಅಣ್ಣನ ಮಕ್ಕಳು ಎಲ್ಲಾ ಆರಾಮಾಗಿ ಕೂತ್ಕೋಬಹುದು" ಎಂದಳು ಸರಸ. ನನಗೆ ಉದ್ದದ್ದು ಬೇಡವಾಗಿದ್ದದ್ದೂ ನಿಖರವಾಗಿ ಇದೇ ಕಾರಣಕ್ಕೆ. ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲವಲ್ಲ, ತಾಂತ್ರಿಕವಾಗಿ ಮಾತಾಡಿದೆ. ಗಿಡ್ಡದು ಸಣ್ಣ ಜಾಗದಲ್ಲೇ ತಿರುಗುತ್ತದೆ, ದಿಬ್ಬ ಹತ್ತುವಾಗ ಅದರ ಹೊಟ್ಟೆ ನೆಲಕ್ಕೆ ತಗುಲುವುದಿಲ್ಲ ಎಂದೆ. ಅಡುಗೆಮನೆಯ ಎರಡು ಲೋಟಗಳನ್ನು ಚಕ್ರಗಳಂತೆ ನೆಲದ ಮೇಲಿಟ್ಟು, "ನೋಡು, ಮುಂದಿನ ಚಕ್ರದ ಮಧ್ಯದಿಂದ ಹಿಂದಿನ ಚಕ್ರದ ಮಧ್ಯಕ್ಕೆ ಎಷ್ಟು ದೂರವೋ ಅದೇ ವೀಲ್‌ಬೇಸು. ಗಿಡ್ಡದಕ್ಕೆ ಎಂಬತ್ತು ಇಂಚು, ಉದ್ದದ್ದಕ್ಕೆ ತೊಂಬತ್ತೊಂದು" ಎಂದು ಪಾಠ ಮಾಡಿದೆ. ಅವಳು ಲೋಟಗಳನ್ನು ಎತ್ತಿಕೊಂಡು ಕಾಫಿ ಬೆರೆಸಲು ಹೋದಳು. ಕೊನೆಗೆ ನಾನು ಬ್ರಹ್ಮಾಸ್ತ್ರ ಬಿಟ್ಟೆ: ದಾಸರಹಳ್ಳಿಯ ನಮ್ಮ ಮನೆಯ ಪಕ್ಕದ ಜಾಗದಲ್ಲಿ ಉದ್ದದ್ದಕ್ಕೆ ಶೆಡ್ ಹಿಡಿಸುವುದೇ ಇಲ್ಲ. "ಬಿಸಿಲಲ್ಲಿ ನಿಲ್ಲೋದಾದ್ರೆ ಬೇಡ ಬಿಡಿ" ಎಂದು ಅವಳು ಸೋತಳು. ಮುಖ ಸಪ್ಪಗಾಗಿತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಬಹಳ ಖುಷಿಯಾಯಿತು.

ಜೀಪಿನ ರಿಪೇರಿ ಮುಗಿದು ಆಯುಧಪೂಜೆಯ ಬೆಳಿಗ್ಗೆ ಅದು ಮನೆಗೆ ಬರಬೇಕು, ಅಷ್ಟರಲ್ಲಿ ಶೆಡ್ ಎದ್ದಿರಬೇಕು ಎಂದು ಗಾರೆ ಕೆಲಸದ ಮುನಿಯಪ್ಪನನ್ನು ಕರೆಸಿದೆ. ನಾನು ಬರೆದುಕೊಟ್ಟ ನಕ್ಷೆಯನ್ನು ಅವನು ಹಿಂದೆ ಮುಂದೆ ತಿರುಗಿಸಿ ನೋಡಿದ.

"ಏಳಡಿ ಸಾಕಾ ಸಾಮಿ? ನಮ್ಮೂರ ಎತ್ತಿನ ಗಾಡೀನೇ ಇದ್ಕಿಂತ ಉದ್ದ ಐತೆ."

"ಎಂಬತ್ತು ಇಂಚು ಜೀಪು, ಅದರ ಮೇಲೆ ನಾಲ್ಕಿಂಚು ಸಡಿಲ ಬಿಟ್ಟಿದೀನಿ. ಅಳತೇಲೇ ಅನ್ನ ತಿನ್ನೋನು ಕಣಪ್ಪ ನಾನು" ಎಂದೆ.

"ಅಂಗಾದ್ರೆ ಸರಿ ಬಿಡಿ" ಎಂದು ಅವನು ದಾರ ಹಿಡಿದ. ಒಮ್ಮೆ ಹೋಗಿ ಜೀಪಿಗೇ ಟೇಪು ಹಿಡಿದು ನೋಡಬಹುದಿತ್ತು. ಆದರೆ ನಮ್ಮ ವಿಭಾಗದ ನಂಬಿಕೆಯೇ ಬೇರೆ. ಕಾಗದದಲ್ಲಿರುವ ಅಳತೆ ಯಾವಾಗಲೂ ಸರಿ, ಎದುರಿಗಿರುವ ವಸ್ತುವೇ ತಪ್ಪು.

ಹಬ್ಬದ ಬೆಳಿಗ್ಗೆ ಜೀಪು ಬಂತು. ಮುನಿಯಪ್ಪ ಹೂವು ಹಿಡಿದು ಬಂದ, ವೆಂಕಟರಾಮು ಕಡ್ಲೆಪುರಿ ಪೊಟ್ಟಣದೊಂದಿಗೆ ಬಂದ. ಎಲ್ಲರೆದುರು ನಾನು ಗತ್ತಿನಿಂದ ರಿವರ್ಸ್ ತೆಗೆದುಕೊಂಡೆ. ಹಿಂದೆ ಗೋಡೆ ಢಬ್ ಎಂದಿತು. ಸ್ಟೀರಿಂಗಿನ ಮುಂದೆ ನೋಡಿದರೆ ಬಾನೆಟ್ಟು, ಎರಡು ಚಕ್ರ, ಎರಡು ದೀಪ ಎಲ್ಲವೂ ಶೆಡ್ಡಿನ ಹೊರಗೆ ಬಿಸಿಲು ಕಾಯಿಸುತ್ತಿದ್ದವು. ಇಳಿದು ಬಂದ ನನ್ನನ್ನು ಸರಸ ಮೆಲ್ಲಗೆ ಕೇಳಿದಳು.

"ಎಂಬತ್ತು ಇಂಚು ಚಕ್ರದಿಂದ ಚಕ್ರಕ್ಕೆ ಅಂತ ಲೋಟ ಇಟ್ಟು ಹೇಳಿದ್ರಲ್ಲ? ಮೂತಿ, ಬಾಲ ಅಳೀಲಿಲ್ವಾ?"

ಮುನಿಯಪ್ಪ ಆಕಾಶ ನೋಡತೊಡಗಿದ. "ಹೇಗೂ ಬಿಸಿಲಲ್ಲೇ ನಿಲ್ಲೋದಾದ್ರೆ ಉದ್ದದ್ದೇ ತರಬಹುದಿತ್ತು" ಎಂದು ಸರಸ ಪೂಜೆಯ ತಟ್ಟೆ ತರಲು ಒಳಗೆ ಹೋದಳು.

ವೆಂಕಟರಾಮು ನಗುತ್ತಾನೆಂದು ಕಾದೆ. ಅವನು ನಗಲಿಲ್ಲ. ಬಾಗಿ ಹೊರಗುಳಿದ ಭಾಗವನ್ನು ಗೇಣು ಹಾಕಿ ಅಳೆದ. "ಸುಮಾರು ಐದು ಗೇಣು ಸಾರ್. ಇದ್ರಲ್ಲಿ ಎಷ್ಟು ಕೂದಲು ಹಿಡಿಸಬಹುದು?" ಎಂದು ಬಹಳ ವಿನಯದಿಂದ ಕೇಳಿದ. ಸರಸ ತಟ್ಟೆ ತಂದಾಗ, ಹಬ್ಬದ ಪದ್ಧತಿಯಂತೆ ಬಾನೆಟ್ಟಿಗೆ ಒಂದು ಕುಂಕುಮದ ಬೊಟ್ಟಿಟ್ಟ. ಶೆಡ್ಡಿನ ಕಂಬಕ್ಕೊಂದು ಇಟ್ಟ. ಆಮೇಲೆ ನನ್ನ ಹತ್ತಿರ ಬಂದು, "ಹಬ್ಬ ಅಲ್ವಾ ಸಾರ್" ಎಂದು ನನ್ನ ಹಣೆಯ ನಟ್ಟನಡುವೆ ಒಂದು ದೊಡ್ಡ ಕೆಂಪು ಬೊಟ್ಟನ್ನು ಒತ್ತಿಟ್ಟ.

ಅಷ್ಟು ವರ್ಷ ಇಟ್ಟವನಿಗೆ ಇಡಿಸಿಕೊಂಡದ್ದು ಅದೇ ಮೊದಲು. ಒರೆಸಿಕೊಳ್ಳೋಣವೆಂದರೆ, ಹಬ್ಬದ ಕುಂಕುಮ ಅಳಿಸಬಾರದು ಎಂದು ಸರಸ ಬಿಡಲಿಲ್ಲ. ಆ ಬೊಟ್ಟಿನಲ್ಲೇ ಮಧ್ಯಾಹ್ನ ಮೆಕ್ಯಾನಿಕ್ ಹತ್ತಿರ ಹೋಗಿ, ಉದ್ದದ್ದು ಇನ್ನೂ ಇದೆಯೇ ಎಂದು ಕೇಳಿದೆ.